ಅರ್ಧ ಅಂಕದ ಲೆಲ್ಲಾ

ಉತ್ತರಪತ್ರಿಕೆ ತಿದ್ದುವಾಗ ಅರ್ಧ ಅಂಕಕ್ಕೆ ನಾವು ಎಷ್ಟು ತಲೆ ಕೆಡಿಸಿಕೊಳ್ಳುತ್ತೇವೆ! ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರು ಇದುವರೆಗೆ ಗಳಿಸಿದ ಒಟ್ಟು ಅಂಕವೂ ಅಷ್ಟೇ. 1958ರಲ್ಲಿ ಮರಿಯಾ ತೆರೆಸಾ ಡಿ ಫಿಲಿಪ್ಪಿಸ್ ಮೊದಲು ಕಣಕ್ಕಿಳಿದರು. ಅಂಕ ಪಡೆದವರು ಅವರಂತೆಯೇ ಇಟಲಿಯವರಾದ ಲೆಲ್ಲಾ ಲೊಂಬಾರ್ಡಿ.

1975ರ ಏಪ್ರಿಲ್ 27, ಬಾರ್ಸಿಲೋನಾದ ಮೊಂಜುಯಿಕ್ ಬೆಟ್ಟದ ರಸ್ತೆ. ಕಬ್ಬಿಣದ ತಡೆಬೇಲಿಯ ಬೋಲ್ಟುಗಳು ಸಡಿಲವಾಗಿವೆಯೆಂದು ಚಾಲಕರು ಮೊದಲೇ ತಕರಾರು ಎತ್ತಿದ್ದರು. ವಿಲ್ಸನ್ ಫಿಟಿಪಾಲ್ಡಿ ಒಂದೇ ಸುತ್ತಿಗೆ ಹೊರನಡೆದರು. ಆಮೇಲೆ ಸ್ಟೊಮ್ಮೆಲೆನ್ ಅವರ ಕಾರಿನ ಹಿಂದಿನ ರೆಕ್ಕೆ ಮುರಿದು, ಕಾರು ಬೇಲಿ ದಾಟಿತು; ಬದಿಯಲ್ಲಿ ನಿಂತಿದ್ದವರು ಸತ್ತರು. 75 ಸುತ್ತಿನ ಓಟ 29ಕ್ಕೇ ನಿಂತಿತು. ಲೆಲ್ಲಾ ಆಗ 6ನೆಯವರು. ಆ ಸ್ಥಾನಕ್ಕೆ 1 ಅಂಕ; ಓಟ ಪೂರ್ತಿಯಾಗದ್ದರಿಂದ ಎಲ್ಲರಿಗೂ ಅರ್ಧರ್ಧ. ಹೆಣ್ಣೆಂದು ಕಡಿತ ಮಾಡಿದ್ದಲ್ಲ, ದಯೆಯಿಂದ ಕೊಟ್ಟದ್ದೂ ಅಲ್ಲ. ಆದರೆ ಸಾವಿನ ಆ ದಿನ ಸಂಭ್ರಮಿಸುವವರು ಯಾರು? ಲೆಲ್ಲಾ ಒಟ್ಟು 12 ಗ್ರಾನ್ ಪ್ರಿ ಓಡಿದರು, 1992ರಲ್ಲಿ ತೀರಿಕೊಂಡರು.