ಮದ್ದೂರಿನ ವಡೆಯೂ ಹೆಸರಿನ ವ್ಯಾಪಾರವೂ

ಹೊಸದಾಗಿ ವ್ಯಾಪಾರಕ್ಕೆ ತೊಡಗುವವನಿಗೆ ಬಂಡವಾಳದ ಚಿಂತೆಯೊಡನೆ ಮತ್ತೊಂದು ಚಿಂತೆಯೂ ಉಂಟು. ತನ್ನಲ್ಲಿ ಇಂಥ ಸರಕಿದೆಯೆಂಬುದನ್ನು ಜನರಿಗೆ ತಿಳಿಯಪಡಿಸುವುದು ಹೇಗೆ? ಮಂಡ್ಯ ನಗರದೊಳಗೆ ಸೇರಿಹೋಗಿರುವ ಗುತ್ತಲಿನಂಥ ಊರಿನಲ್ಲಿ ಚಿಕ್ಕದೊಂದು ಅಂಗಡಿಯನ್ನು ತೆರೆಯುವವನಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಇದರ ಉತ್ತರಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ಸುಮಾರು 20 ಕಿಲೋಮೀಟರು ದೂರದ ಮದ್ದೂರಿನ ಚರಿತ್ರೆಯಲ್ಲಿಯೇ ಅದು ದೊರೆಯುತ್ತದೆ.

ಬೆಂಗಳೂರಿನಿಂದ ಮೈಸೂರಿನವರೆಗಿನ ರೈಲುದಾರಿಯು 1882ರಲ್ಲಿ ಪೂರ್ಣವಾಯಿತು. ಶಿಂಷಾ ನದಿಯ ದಡದ ಮದ್ದೂರು ಆ ದಾರಿಯ ಒಂದು ನಿಲ್ದಾಣವಾಯಿತು. ಅಲ್ಲಿ ಉಪಾಹಾರ ಗೃಹವನ್ನು ನಡೆಸುತ್ತಿದ್ದ ರಾಮಚಂದ್ರ ಬುದ್ಯರು 1917ರಲ್ಲಿ ಈ ವಡೆಯನ್ನು ಮೊದಲು ಮಾಡಿದರೆಂದು ಪ್ರತೀತಿ. ಪಕೋಡ ಕರಿಯಲು ಸಮಯ ಸಾಲದೆ, ಹಿಟ್ಟನ್ನು ಕೈಯಲ್ಲಿ ತಟ್ಟಿ ಕಾದ ಎಣ್ಣೆಗೆ ಬಿಟ್ಟರಂತೆ. ಕಥೆಯ ವಿವರಗಳು ಹೇಗೆಯೇ ಇರಲಿ, ತಿಂಡಿಯ ಗುಣವು ಮಾತ್ರ ರೈಲಿಗೆ ತಕ್ಕುದಾಗಿತ್ತು. ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿಗಳನ್ನು ಕಲಸಿ ತೆಳ್ಳಗೆ ತಟ್ಟಿ ಗರಿಗರಿಯಾಗಿ ಕರಿದ ಈ ವಡೆಯು ಉದ್ದಿನ ವಡೆಯಂತೆ ಬೇಗನೆ ಮೆತ್ತಗಾಗುವುದಿಲ್ಲ. ಇದಕ್ಕೆ ಚಟ್ನಿಯ ಹಂಗಿಲ್ಲ, ಎಲೆಯೂ ಬೇಕಿಲ್ಲ. ಕಾಗದದಲ್ಲಿ ಸುತ್ತಿ ಊರಿಗೆ ಒಯ್ಯಬಹುದು.

ಈ ಒಯ್ಯುವಿಕೆಯಲ್ಲಿಯೇ ಪ್ರಚಾರದ ಮರ್ಮವಿದ್ದಿತು. ಮಾರುವವನು ಬಂಡಿಯಿಂದ ಬಂಡಿಗೆ “ವಡೆ” ಎಂದಷ್ಟೇ ಕೂಗಲಿಲ್ಲ, “ಮದ್ದೂರು ವಡೆ” ಎಂದು ಕೂಗಿದನು. ತಿಂದವನು ತನ್ನ ಊರಿನಲ್ಲಿ ಆ ಹೆಸರನ್ನೇ ಹೇಳಿದನು. ಹೀಗೆ ಗಿರಾಕಿಯೇ ಖರ್ಚಿಲ್ಲದ ಜಾಹೀರಾತಾದನು.

ಅದೇ ಕಾಲದಲ್ಲಿ ಮೈಸೂರು ಸಂಸ್ಥಾನದ ಮತ್ತೊಂದು ಉದ್ಯಮವು ಬೇರೆ ದಾರಿಯನ್ನು ಹಿಡಿಯಿತು. ಮೊದಲನೆಯ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತುಹೋಗಲು, 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆಯೂ, ಬಳಿಕ ಎಸ್. ಜಿ. ಶಾಸ್ತ್ರಿಗಳ ಪರಿಶ್ರಮದಿಂದ ಮೈಸೂರು ಸ್ಯಾಂಡಲ್ ಸಾಬೂನೂ ಹುಟ್ಟಿದವು. ಆನೆಯ ತಲೆಯೂ ಸಿಂಹದ ದೇಹವೂ ಉಳ್ಳ ಶರಭವು ಅದರ ಲಾಂಛನವಾಯಿತು. ಟ್ರಾಮಿನ ಟಿಕೆಟುಗಳ ಮೇಲೂ ಬೆಂಕಿಪೊಟ್ಟಣಗಳ ಮೇಲೂ ಅದನ್ನು ಸಾರಲಾಯಿತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯೇ ನಡೆಯಿತು.

ಎರಡೂ ಸರಕುಗಳು ಊರಿನ ಹೆಸರನ್ನೇ ಹೊತ್ತವು. ಆದರೆ ಭೇದವೊಂದುಂಟು. ಶರಭದ ಮುದ್ರೆಯುಳ್ಳ ಸಾಬೂನನ್ನು ಬೇರೊಬ್ಬರು ಮಾಡಲಾಗದು. ಮದ್ದೂರಿನ ವಡೆಗೆ ಅಂತಹ ಮುದ್ರೆಯಿಲ್ಲದುದರಿಂದ ಅದನ್ನು ಯಾರೂ ಮಾಡಬಹುದು, ಯಾವ ಊರಿನಲ್ಲಿಯೂ ಮಾರಬಹುದು. ಹೆಸರು ಎಲ್ಲರದಾದುದರಿಂದ ಅನೇಕ ಸಂಸಾರಗಳಿಗೆ ಅನ್ನವಾಯಿತು. ಆದರೆ ಒಬ್ಬನು ಹಳಸಿದ ವಡೆಯನ್ನು ಮಾರಿದರೆ ಅಪಕೀರ್ತಿಯೂ ಎಲ್ಲರದೇ ಆಗುತ್ತದೆ. ಆ ಹೆಸರಿಗೆ ಕಾವಲು ಬಾಣಲೆಯ ಮುಂದೆ ನಿಂತವನ ನಿಯತ್ತೊಂದೇ.

ದಾರಿಯನ್ನು ನಂಬಿದ ವ್ಯಾಪಾರಕ್ಕೆ ಇನ್ನೊಂದು ಅಪಾಯವೂ ಉಂಟು. ರೈಲಿನ ಬಳಿಕ ಮೋಟಾರು ರಸ್ತೆಯೂ ಮದ್ದೂರಿಗೆ ಗಿರಾಕಿಗಳನ್ನು ತಂದಿತ್ತು. 2023ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆಯಾಯಿತು. ಅದು ಮದ್ದೂರು, ಮಂಡ್ಯ ಪಟ್ಟಣಗಳನ್ನು ಬಳಸಿಕೊಂಡು ಹೊರಗೇ ಸಾಗುವುದರಿಂದ ಹಳೆಯ ರಸ್ತೆಯ ಹೋಟೆಲುಗಳ ವ್ಯಾಪಾರವು ಕುಗ್ಗಿತು. ತಾನಾಗಿ ಬರುತ್ತಿದ್ದ ಗಿರಾಕಿಯನ್ನು ಇನ್ನು ಹುಡುಕಿಕೊಂಡು ಹೋಗಬೇಕಾಯಿತು.

ಆದುದರಿಂದ ಹೊಸ ವ್ಯಾಪಾರಿಯು ಈ ಎರಡು ಚರಿತ್ರೆಗಳನ್ನೂ ಕೂಡಿಸಿ ಓದಿಕೊಳ್ಳುವುದು ಮೇಲು. ಜನರು ಹಾಯುವಲ್ಲಿ ನಿಲ್ಲುವುದನ್ನು ಮದ್ದೂರು ಕಲಿಸುತ್ತದೆ. ಜನರಿರುವಲ್ಲಿಗೆ ಹೋಗಿ ತನ್ನ ಗುರುತನ್ನು ಉಳಿಸಿಕೊಳ್ಳುವುದನ್ನು ಶರಭವು ಕಲಿಸುತ್ತದೆ. ಗಿರಾಕಿಯನ್ನು ಮೊದಲನೆಯ ಸಲ ಕರೆತರುವುದು ಕೂಗು. ಎರಡನೆಯ ಸಲ ಕರೆತರುವುದು ರುಚಿ.