ಹಳೇ ಯೆಜ್ಡಿ, ಜಾವಾಕ್ಕೆ ಥ್ರೆಡ್ ಕೂತರೆ ಯಾವ ಸ್ಪಾರ್ಕ್ ಪ್ಲಗ್ ಆದರೂ ನಡೆಯುತ್ತಾ?

ಹಳೇ ಜಾವಾ, ಯೆಜ್ಡಿ ಇಟ್ಟುಕೊಂಡವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಸಲಹೆಗಳಿಗೇನೂ ಬರವಿಲ್ಲ. ‘ಥ್ರೆಡ್ ಕೂತರೆ ಯಾವ ಪ್ಲಗ್ ಆದರೂ ಸರಿ’, ‘ಚಳ್ಳಕೆರೆ ಬಿಸಿಲಿಗೆ ಕೋಲ್ಡ್ ಪ್ಲಗ್ಗೇ ಬೇಕು’, ‘ಟೈಮಿಂಗ್ ಮುಂದಿಟ್ಟರೆ ಮೈಲೇಜ್ ಬರುತ್ತೆ’. ಇವು ನಿಜವೇ? ಮೊದಲನೆಯದು ತಪ್ಪು, ಎರಡನೆಯದೂ ಬಹುಪಾಲು ತಪ್ಪು. ಮೂರನೆಯದು ಅರ್ಧಸತ್ಯ, ಹಾಗಾಗಿ ಹೆಚ್ಚು ಅಪಾಯಕಾರಿ.

ಈ ಗಾಡಿಗಳು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯವು. 1961ರಲ್ಲಿ ತಯಾರಿಕೆ ಶುರುವಾಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ಅಂಗಡಿಯಲ್ಲಿ ಸಿಕ್ಕಿದ್ದನ್ನು ಹೊಂದಿಸಿಕೊಳ್ಳುವುದೇ ಗತಿಯಾಯಿತು.

ಪ್ಲಗ್‌ನ ಥ್ರೆಡ್ ದಪ್ಪ 14 ಮಿ.ಮೀ. ಇದ್ದರೂ ಉದ್ದ ಬೇರೆ ಇರಬಹುದು. 12.7 ಮತ್ತು 19 ಮಿ.ಮೀ. ಎರಡೂ ಸಾಮಾನ್ಯ. ಗಿಡ್ಡ ಪ್ಲಗ್ ಬೇಕಾದ ಹೆಡ್‌ಗೆ ಉದ್ದದ್ದನ್ನು ಹಾಕಿದರೆ ತುದಿ ಪಿಸ್ಟನ್‌ಗೆ ತಾಗಬಹುದು.

ಇನ್ನೊಂದು ಹೀಟ್ ರೇಂಜ್. ಪ್ಲಗ್ ತನ್ನ ಬಿಸಿಯನ್ನು ಬೇಗ ಬಿಟ್ಟುಕೊಟ್ಟರೆ ಕೋಲ್ಡ್, ನಿಧಾನವಾಗಿ ಬಿಟ್ಟರೆ ಹಾಟ್. ತುದಿಯ ಬಿಸಿ ಸುಮಾರು 450 ಡಿಗ್ರಿಗಿಂತ ಕೆಳಗಿದ್ದರೆ ಮಸಿ ಕಟ್ಟಿ ಗಾಡಿ ಮಿಸ್ ಹೊಡೆಯುತ್ತದೆ. 850 ದಾಟಿದರೆ ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ ತೂತಾಗಬಹುದು. ಇಷ್ಟು ಬಿಸಿಯ ಮುಂದೆ ಹೊರಗಿನ 40 ಡಿಗ್ರಿ ಬಿಸಿಲು ದೊಡ್ಡ ಲೆಕ್ಕವಲ್ಲ. ಇಬ್ಬರು ಕೂತು, ಹಿಂದೆ ಶೇಂಗಾ ಮೂಟೆ ಕಟ್ಟಿ, ಚಳ್ಳಕೆರೆಯಿಂದ ಮೊಳಕಾಲ್ಮುರಿನವರೆಗೆ ಥ್ರಾಟಲ್ ಬಿಡದೆ ಓಡಿಸುವುದೇ ನಿಜವಾದ ಪರೀಕ್ಷೆ.

ಜನ ಎಡವುವುದು ನಂಬರ್‌ನಲ್ಲಿ. ಹಳೇ ಮೈಕೋ ಪ್ಲಗ್‌ಗಳ ಮೇಲೆ 175, 225 ಎಂದಿರುತ್ತಿತ್ತು. ಅಂಕಿ ಹೆಚ್ಚಿದಷ್ಟೂ ಕೋಲ್ಡ್. ಬಾಷ್‌ನ ಹೊಸ ಪದ್ಧತಿಯಲ್ಲಿ 175 ಅಂದರೆ 7, 225 ಅಂದರೆ 5. ಅಂದರೆ ಈಗ ಅಂಕಿ ಕಡಿಮೆಯಾದಷ್ಟೂ ಕೋಲ್ಡ್! ಎನ್‌ಜಿಕೆಯಲ್ಲಿ ಮತ್ತೆ ಉಲ್ಟಾ. ಬಾಷ್ 5 ಬೇಕಿದ್ದವರು ಅಂಕಿ ನೋಡಿ ಎನ್‌ಜಿಕೆ 5 ತಂದರೆ ತೀರಾ ಹಾಟ್ ಪ್ಲಗ್ ಹಾಕಿದಂತೆ. ಕಂಪನಿಯ ಹೋಲಿಕೆ ಪಟ್ಟಿ ನೋಡದೆ ಕೊಳ್ಳಬೇಡಿ.

ಕಾಯಿಲ್‌ನಲ್ಲೂ ಇದೇ ಕಥೆ. ಹಳೇ ಜಾವಾ 6 ವೋಲ್ಟ್ ಗಾಡಿ. ಅದಕ್ಕೆ 12 ವೋಲ್ಟ್ ಕಾಯಿಲ್ ಹಾಕಿದರೆ ಕಿಡಿ ಸೊರಗುತ್ತದೆ. ಆರ್‌ಎಕ್ಸ್ 100ರ ಸಿಡಿಐ ಡಬ್ಬಿಯನ್ನು ಬಿಚ್ಚಿ ತಂದು ಜೋಡಿಸಿದರೂ ಕೆಲಸ ಮಾಡದು, ಅದಕ್ಕೆ ಆ ಗಾಡಿಯ ಮ್ಯಾಗ್ನೆಟೇ ಬೇಕು.

ಇನ್ನು ಟೈಮಿಂಗ್. ಕಿಡಿ ತಡವಾಗಿ ಬರುತ್ತಿದ್ದರೆ ಸರಿಪಡಿಸಿದಾಗ ಎಳೆತ, ಮೈಲೇಜ್ ಎರಡೂ ಸುಧಾರಿಸುತ್ತವೆ. ಫಾರ್ವರ್ಡ್‌ನ ಅರ್ಧ ಸತ್ಯ ಇಷ್ಟೇ. ಸರಿಯಾಗಿರುವುದನ್ನೇ ಇನ್ನೂ ಮುಂದೆ ತಳ್ಳಿದರೆ ನಾಕಿಂಗ್ ಶುರು, ಎಂಜಿನ್ ಕಾಯುತ್ತದೆ. ಪಾಯಿಂಟ್ ಗ್ಯಾಪ್ ಹೆಚ್ಚಿಸಿದರೂ ಪಾಯಿಂಟ್ ಬೇಗ ತೆರೆದು ಟೈಮಿಂಗ್ ತಾನೇ ಮುಂದೆ ಹೋಗುತ್ತದೆ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಆದ್ದರಿಂದ ಮೊದಲು ಫೀಲರ್ ಗೇಜ್‌ನಲ್ಲಿ ಗ್ಯಾಪ್ 0.4 ಮಿ.ಮೀ. ಆಸುಪಾಸಿಗೆ ತನ್ನಿ. ಆಮೇಲೆ ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಇಟ್ಟು, ಪಿಸ್ಟನ್ ಮೇಲೆ ಮುಟ್ಟಲು ಎಷ್ಟು ಮಿ.ಮೀ. ಇರುವಾಗ ಪಾಯಿಂಟ್ ತೆರೆಯುತ್ತದೆ ಎಂದು ನೋಡಿ, ನಿಮ್ಮ ಮಾಡೆಲ್‌ನ ಮ್ಯಾನ್ಯುಯಲ್‌ನ ಅಳತೆಗೆ ಹೊಂದಿಸಿ. ಹತ್ತು ಕಿಲೋಮೀಟರ್ ಓಡಿಸಿ ಪ್ಲಗ್ ಬಿಚ್ಚಿದಾಗ ತುದಿ ಕಾಫಿಪುಡಿ ಬಣ್ಣದಲ್ಲಿದ್ದರೆ ಸರಿ. ಬಿಳಿಚಿದ್ದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಮೆಕ್ಯಾನಿಕ್‌ಗೆ ತೋರಿಸಿ.