ಅಷ್ಟೂರಿನ ಗೋರಿಯೂ ಅದನ್ನು ಕಾಯುವ ಕಾಯಕವೂ

ಗೋರಿಗಳನ್ನು ಕಟ್ಟಿಸಿದ ಅರಸರ ಹೆಸರುಗಳನ್ನು ಚರಿತ್ರಕಾರರು ಬರೆದಿಟ್ಟಿದ್ದಾರೆ. ಆ ಗೋರಿಗಳ ಬಾಗಿಲನ್ನು ಬೆಳಿಗ್ಗೆ ತೆರೆದು, ಕಸಗುಡಿಸಿ, ದೀಪವಿಟ್ಟು, ಬಂದವರಿಗೆ ಒಳಗನ್ನು ತೋರಿಸಿ, ಸಂಜೆ ಮತ್ತೆ ಮುಚ್ಚುತ್ತ ಬಂದವರ ಹೆಸರು ಯಾವ ಗ್ರಂಥದಲ್ಲಿಯೂ ದೊರೆಯುವುದಿಲ್ಲ. ಬೀದರ ನಗರದ ಪೂರ್ವಕ್ಕಿರುವ ಅಷ್ಟೂರಿನಲ್ಲಿ ನಿಂತು ನೋಡುವವರಿಗೆ ಈ ಮಾತು ಸ್ಪಷ್ಟವಾಗುತ್ತದೆ.

ಬಹಮನಿ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ತಂದವನು ಸುಲ್ತಾನ ಒಂದನೆಯ ಅಹಮದ್ ಶಹ. ಇವನ ಆಳ್ವಿಕೆ 1422ರಿಂದ 1436ರವರೆಗೆ. ಕ್ಷಾಮದ ಕಾಲದಲ್ಲಿ ಇವನು ಪ್ರಾರ್ಥಿಸಲು ಮಳೆ ಸುರಿಯಿತೆಂದೂ, ಅಂದಿನಿಂದ ಪ್ರಜೆಗಳು ಇವನನ್ನು ‘ವಲಿ’ ಎಂದರೆ ಸಂತನೆಂದು ಕರೆದರೆಂದೂ ಪ್ರತೀತಿಯಿದೆ. ಇರಾನದ ಶಹ ನಿಮತುಲ್ಲಾ ಕಿರ್ಮಾನಿಯಲ್ಲಿ ಇವನಿಗೆ ಅಪಾರ ಭಕ್ತಿ. ಆ ಗುರುವಿನ ಮೊಮ್ಮಗನೂ ಬಳಿಕ ಮಗನಾದ ಖಲೀಲುಲ್ಲಾನೂ ಬೀದರಕ್ಕೆ ಬಂದರು. ಅಷ್ಟೂರಿಗೆ ಹೋಗುವ ದಾರಿಯಲ್ಲಿ ಕಾಣುವ ಚೌಖಂಡಿ ಆ ಖಲೀಲುಲ್ಲಾನ ಸಮಾಧಿ.

ಅಹಮದ್ ಶಹನ ಗುಮ್ಮಟದ ಹೊರಮೈ ಸರಳವಾದುದು, ವೈಭವವೆಲ್ಲ ಒಳಗಿದೆ. ಗೋಡೆಯಿಂದ ಮೇಲ್ಛಾವಣಿಯವರೆಗೆ ಬಂಗಾರ, ಕೆಂಪು, ನೀಲಿ ಬಣ್ಣಗಳ ಬಳ್ಳಿ ಹೂವುಗಳು, ಸುಂದರ ಬರವಣಿಗೆಯ ಪಂಕ್ತಿಗಳು. ಆದರೆ ಹಗಲಿನಲ್ಲಿಯೂ ಅಲ್ಲಿ ಮಬ್ಬು. ಕಮಲನಗರದ ಕಡೆಯ ಮಕ್ಕಳನ್ನು ಭಾಲ್ಕಿಯ ಮಾರ್ಗವಾಗಿ ನಾನು ಅಲ್ಲಿಗೆ ಕರೆದೊಯ್ದಿದ್ದಾಗ, ಅಲ್ಲಿನ ಮುಜಾವರರು ಬಾಗಿಲ ಬಳಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ತಿರುಗಿಸಿದರು. ಬೆಳಕಿನ ತುಣುಕು ಗುಮ್ಮಟದ ಮೇಲೆ ಮೆಲ್ಲನೆ ಸರಿದಂತೆ ಒಂದೊಂದೇ ಹೂವು ಕಣ್ಣಿಗೆ ಬಿತ್ತು. ಒಬ್ಬ ಹುಡುಗ ಗೋಡೆಗೆ ಕೈ ಚಾಚಿದ. ಮುಜಾವರರು ಗದರಿಸಲಿಲ್ಲ, “ಕಣ್ಣಿಲೆ ನೋಡು ತಮ್ಮಾ, ಕೈ ಹಚ್ಚಬ್ಯಾಡ” ಎಂದರು, ಅಷ್ಟೆ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಅದು ಒಳ್ಳೆಯ ಪಾಠವೆನಿಸಿತು.

ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಈ ಅರಸನನ್ನು ಲಿಂಗಾಯತ ಭಕ್ತರು ಅಲ್ಲಮಪ್ರಭುವಿನ ಅವತಾರವೆಂದು ನಂಬಿ ನಡೆದುಕೊಳ್ಳುತ್ತಾರೆ. ಇಲ್ಲಿಯ ಉರುಸಿನ ಕಾಲವನ್ನು ಹೋಳಿ ಹುಣ್ಣಿಮೆಯ ಆಧಾರದಿಂದ ಹಿಂದೂ ಪಂಚಾಂಗದಂತೆ ಗೊತ್ತುಮಾಡುತ್ತಾರೆ. ಕಲಬುರ್ಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಭಕ್ತಸಮೂಹದೊಡನೆ ಕಾಲ್ನಡೆಯಲ್ಲಿ ಬಂದು ಗೋರಿಗೆ ಹೂವೇರಿಸಿ ಕಾಯಿ ಒಡೆಯುತ್ತಾರೆ. ಹೈದರಾಬಾದ್ ಸಂಸ್ಥಾನದ ಪುರಾತತ್ವಾಧಿಕಾರಿಗಳಾಗಿದ್ದ ಗುಲಾಂ ಯಜ್ದಾನಿ 1947ರಲ್ಲಿ ಪ್ರಕಟವಾದ ತಮ್ಮ ಬೀದರದ ಗ್ರಂಥದಲ್ಲಿ ಈ ಪದ್ಧತಿಯನ್ನು ದಾಖಲಿಸಿದ್ದಾರೆ.

ಅಲ್ಲಮನು ಹನ್ನೆರಡನೆಯ ಶತಮಾನದವನು, ಸುಲ್ತಾನನು ಹದಿನೈದನೆಯದವನು. ಇಬ್ಬರೂ ಒಬ್ಬರೆಂಬುದು ನಂಬಿಕೆಯ ಮಾತೇ ಹೊರತು ಚರಿತ್ರೆಯ ಮಾತಲ್ಲ. ಆದರೆ ನಂಬಿಕೆಗೂ ಒಂದು ಚರಿತ್ರೆಯಿರುತ್ತದೆ. ಇದೇ ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಆಶ್ರಯದಲ್ಲಿ ಚಾಮರಸನು ‘ಪ್ರಭುಲಿಂಗಲೀಲೆ’ಯನ್ನು ರಚಿಸಿದನು, ಶೂನ್ಯಸಂಪಾದನೆಯ ಸಂಕಲನವೂ ಆ ಶತಮಾನದ್ದೇ. ಅಲ್ಲಮನ ಚಿಂತನೆ ನಾಡಿನಲ್ಲಿ ಹೊಸದಾಗಿ ಮೊಳಗಿದ ಯುಗದ ಸಂತ ಅರಸನಲ್ಲಿ ಜನರು ಪ್ರಭುವನ್ನು ಕಂಡರೆ ಆಶ್ಚರ್ಯಪಡಬೇಕಾದುದಿಲ್ಲ. ಗದ್ದುಗೆಗೆ ನಮಿಸಿ ಬೆಳೆದ ಜನಕ್ಕೆ ಗೋರಿ ಪರಕೀಯವೆನಿಸಲಿಲ್ಲ.

ಹಾಗಿರುವಾಗ ಇಲ್ಲಿ ಕಾಯುವವನ ಹೊಣೆ ಇಮ್ಮಡಿಯಾದುದು. ಸಾಲಿನಲ್ಲಿಯೇ ಇರುವ ಹುಮಾಯೂನನ ಗುಮ್ಮಟವು ಸಿಡಿಲು ಬಡಿದು ಸೀಳಿ ಅರೆಯಾಗಿ ನಿಂತಿದೆ. ಅಲಾವುದ್ದೀನನ ಗೋರಿಯ ಹೊರಮೈಯಲ್ಲಿ ನೀಲಿ ಹೆಂಚುಗಳ ತುಣುಕುಗಳು ಉಳಿದಿವೆ. ಸಿಡಿಲನ್ನು ಯಾರೂ ತಡೆಯಲಾರರು. ಆದರೆ ದೀಪದ ಮಸಿ, ಗೋಡೆಯ ತೇವ, ನೂರಾರು ಬೆರಳುಗಳ ಸ್ಪರ್ಶ, ಇವು ದಿನದಿನವೂ ಬಣ್ಣವನ್ನು ತಿನ್ನುತ್ತವೆ. ಈ ಸ್ಮಾರಕಗಳು ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಪೂಜೆಯ ಹೊಣೆ ಮುಜಾವರರದು. ಒಬ್ಬರಿಗೆ ಚಿತ್ರ ಉಳಿಯಬೇಕು, ಇನ್ನೊಬ್ಬರಿಗೆ ದೀಪ ಉಳಿಯಬೇಕು. ಭಕ್ತರನ್ನು ಹೊರಗಿಟ್ಟರೆ ಗೋರಿ ಬರಿಯ ಕಟ್ಟಡವಾದೀತು. ಭಕ್ತಿಯ ಹೆಸರಿನಲ್ಲಿ ಎಚ್ಚರ ತಪ್ಪಿದರೆ ಬರಿಯ ಗೋಡೆ ಉಳಿದೀತು.

ಸ್ಥಾವರ ಜಂಗಮಗಳ ಭೇದವನ್ನು ಶರಣರು ನಮಗೆ ಕಲಿಸಿದ್ದಾರೆ. ಅಷ್ಟೂರಿನ ಗುಮ್ಮಟ ಸ್ಥಾವರ. ಮಾಡ್ಯಾಳದಿಂದ ನಡೆದುಬರುವ ಹೆಜ್ಜೆ ಜಂಗಮ. ಬಾಗಿಲ ಬಳಿ ಕನ್ನಡಿ ಹಿಡಿದು ನಿಂತವನು ಇವೆರಡರ ನಡುವಿನವನು. ತಾನು ಕಟ್ಟದ ಗೋರಿಯನ್ನು, ತನ್ನ ಮತದವರೆಂದು ಯಾರನ್ನೂ ವಿಂಗಡಿಸದೆ, ಬಂದವರೆಲ್ಲರಿಗೂ ಬೆಳಗಿ ತೋರಿಸುವ ಅವನ ದುಡಿಮೆಗೆ ಕಾಯಕವೆಂಬ ಹೆಸರು ಸಲ್ಲುತ್ತದೆ. ಅಲ್ಲಿಗೆ ಹೋಗುವ ಭಕ್ತರೂ ವಿದ್ಯಾರ್ಥಿಗಳೂ ಕೈಯನ್ನು ಗೋಡೆಗೆ ಹಚ್ಚದೆ ಜೋಡಿಸಿಕೊಂಡು ನಿಂತರೆ, ಆ ಕಾಯಕದಲ್ಲಿ ತಾವೂ ಪಾಲುಗೊಂಡಂತಾಗುತ್ತದೆ.